ಮೇಷ್ಟ್ರು ತೋರಿಸಿದ ಮಾನೆಯ ಹೂಗಳು

ನಮ್ಮ ಕಾಲದ ಕಲಾಶಾಲೆಯಲ್ಲಿ ಸ್ಟಿಲ್ ಲೈಫ್, ಅಂದರೆ ಎದುರಿಗಿಟ್ಟ ವಸ್ತುಗಳನ್ನು ನೋಡಿ ಬರೆಯುವ ತರಗತಿಯೆಂದರೆ ಹಿತ್ತಾಳೆ ಚೊಂಬು, ಎರಡು ಬದನೆಕಾಯಿ, ಹಿಂದೆ ಮಾಸಿದ ಕೆಂಪು ಬಟ್ಟೆ. ವರ್ಷವಿಡೀ ಅದೇ. ನಾವು ಗೊಣಗುವುದನ್ನು ಕೇಳಿಸಿಕೊಂಡ ಕಲಾ ಇತಿಹಾಸದ ಮೇಷ್ಟ್ರು ಒಂದು ಮಧ್ಯಾಹ್ನ ಕಿಟಕಿಗಳನ್ನೆಲ್ಲ ಮುಚ್ಚಿಸಿ ಸ್ಲೈಡ್ ಪ್ರೊಜೆಕ್ಟರ್ ಹಚ್ಚಿದರು. ಹತ್ತೊಂಬತ್ತನೇ ಶತಮಾನದ ಪ್ಯಾರಿಸ್ಸಿನ ಚಿತ್ರಕಾರ ಎಡ್ವರ್ಡ್ ಮಾನೆ ಅಂದರೆ ನಮಗೆ ಒಲಿಂಪಿಯಾ ಎಂಬ ನಗ್ನ ಹೆಣ್ಣಿನ ಚಿತ್ರ, ಅದು ಎಬ್ಬಿಸಿದ ಗಲಾಟೆ, ಪರೀಕ್ಷೆಗೆ ಬೇಕಾದ ಇಸವಿ ಇಷ್ಟೇ. ಮೇಷ್ಟ್ರು ಅದನ್ನೆಲ್ಲ ಬದಿಗಿಟ್ಟು ಹೂವು ಹಣ್ಣುಗಳನ್ನು ಮಾತ್ರ ತೋರಿಸಿದರು.

ಮೊದಲು ಬಂದದ್ದು 1864ರ ಪಿಯೋನಿ ಹೂಗಳು. ಹೂದಾನಿಯ ಚಿತ್ರ ಹೆಚ್ಚುಕಡಿಮೆ ಮೂರಡಿ ಎತ್ತರ. ಗಾಢ ಹಿನ್ನೆಲೆಯ ಮೇಲೆ ದಪ್ಪ ಬಿಳಿ ಬಣ್ಣ. ಇನ್ನೊಂದರಲ್ಲಿ ಮುರಿದ ಕೊಂಬೆ, ಪಕ್ಕದಲ್ಲೇ ಗಿಡ ಸವರುವ ಕತ್ತರಿ. ದಳಗಳನ್ನು ಒಂದೊಂದಾಗಿ ಬಿಡಿಸುವ ಗೋಜಿಗೇ ಹೋಗದೆ, ಕುಂಚ ತುಂಬ ಬಣ್ಣ ಎತ್ತಿ ಹಾಗೇ ಎಳೆದುಬಿಟ್ಟಿದ್ದ.

ಆಮೇಲೆ 1880ರ ಶತಾವರಿ ದಂಟಿನ, ಅಂದರೆ ತರಕಾರಿಯಾಗಿ ತಿನ್ನುವ ಆಸ್ಪರಾಗಸ್‌ನ ಕಥೆ. ಚಾರ್ಲ್ಸ್ ಎಫ್ರುಸಿ ಎಂಬ ಸಂಗ್ರಾಹಕ ಒಂದು ಕಟ್ಟು ದಂಟಿನ ಚಿತ್ರವನ್ನು 800 ಫ್ರಾಂಕಿಗೆ ಕೊಂಡು 1000 ಫ್ರಾಂಕ್ ಕಳಿಸಿದ. ಮಾನೆ ಒಂದೇ ಒಂದು ದಂಟು ಬರೆದು, ನಿಮ್ಮ ಕಟ್ಟಿನಿಂದ ಇದೊಂದು ಉದುರಿತ್ತು ಎಂದು ಚೀಟಿ ಸಮೇತ ಕಳಿಸಿಕೊಟ್ಟ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಮೇಷ್ಟ್ರು ನಗಲಿಲ್ಲ, ದಂಟು ಮೇಜಿನ ಅಂಚು ದಾಟಿ ಹೊರಚಾಚಿರುವ ಜಾಗವನ್ನು ಕೋಲಿನಿಂದ ಮುಟ್ಟಿ, ಮೇಜಿಗೂ ದಂಟಿಗೂ ಸುಮಾರಾಗಿ ಅದೇ ಬಣ್ಣಗಳು, ಆದರೂ ಎರಡೂ ಬೇರೆಬೇರೆ ಕಾಣುತ್ತಿವೆ, ಹೇಗೆ ಹೇಳಿ ಎಂದರು. ಯಾರೂ ಹೇಳಲಿಲ್ಲ.

ಕೊನೆಗೆ 1882-83ರ ಪುಟ್ಟ ಚಿತ್ರಗಳು. ನರರೋಗದಿಂದ ಕಾಲು ಸೋತಿದ್ದ ಮಾನೆಗೆ ಗೆಳೆಯರು ಹೂಗುಚ್ಛ ತರುತ್ತಿದ್ದರು. ಆತ ಅವನ್ನೇ ಬರೆಯುತ್ತಿದ್ದ. ಗುಲಾಬಿ, ಬಿಳಿ ಲೈಲಾಕ್, ಕಾರ್ನೇಶನ್. ಹಿನ್ನೆಲೆಯ ಕತ್ತಲು ಎಷ್ಟೋ ಕಡೆ ಸರಿದು ಬೂದು, ಬಿಳುಪು ಬಂದಿತ್ತು. "ಹೂವು ಬಿಡಿ, ನೀರು ನೋಡಿ" ಎಂದರು ಮೇಷ್ಟ್ರು. ಗಾಜಿನ ಹೂದಾನಿಯೊಳಗೆ ಹಸಿರು ತೊಟ್ಟುಗಳು ತುಂಡುತುಂಡಾಗಿ ಮುರಿದು ಕಾಣುತ್ತಿದ್ದವು; ಅಂಚಿಗೆ ನಾಲ್ಕಾರು ಬಿಳಿ ಗೀರು. ಗಾಜು ಅಂದರೆ ಅಷ್ಟೇ. 1883ರ ಏಪ್ರಿಲ್‌ನಲ್ಲಿ ಎಡಗಾಲು ಕತ್ತರಿಸಬೇಕಾಯಿತು. ತಿಂಗಳ ಕೊನೆಯ ದಿನ, 51ನೇ ವಯಸ್ಸಿನಲ್ಲಿ, ಮಾನೆ ತೀರಿಕೊಂಡ.

ಹಿಂದಿನ ಬೆಂಚಿನಿಂದ ಯಾರೋ "ಪಾಪ" ಎಂದದ್ದಕ್ಕೆ ಮೇಷ್ಟ್ರಿಗೆ ಎಲ್ಲಿಲ್ಲದ ಸಿಟ್ಟು ಬಂತು. ಕಾಯಿಲೆಯಿಂದ ಚಿತ್ರ ಹುಟ್ಟುವುದಿಲ್ಲ, ಆ ಕೈಯ ವೇಗ 1864ರಲ್ಲೇ ಇತ್ತು ಎಂಬುದು ಅವರ ವಾದ.

ವರ್ಷಗಳ ನಂತರ ಪ್ಯಾರಿಸ್ಸಿನ ಓರ್ಸೇ ಸಂಗ್ರಹಾಲಯದಲ್ಲಿ ಮಾನೆಯ ನಿಂಬೆಹಣ್ಣನ್ನು ಕಂಡೆ. ಅಗಲ 22 ಸೆಂಟಿಮೀಟರ್, ಎತ್ತರ 14. ನಮ್ಮ ಪರದೆಯ ಮೇಲೆ ಕುಂಬಳಕಾಯಿಯಷ್ಟು ಕಂಡಿತ್ತು! ಮೇಷ್ಟ್ರ ಮಾತು ಅರ್ಧ ನಿಜ ಎನಿಸಿತು. ವೇಗ ಮೊದಲಿನಿಂದಲೂ ಇದ್ದದ್ದೇ, ಆದರೆ ಹೆಚ್ಚು ಹೊತ್ತು ನಿಲ್ಲಲಾಗದವನು ಕೂತಲ್ಲೇ ಮುಗಿಸಬಲ್ಲ ಅಳತೆಯನ್ನು ಆರಿಸಿಕೊಂಡದ್ದೂ ಸುಳ್ಳಲ್ಲ. ಅಳತೆ ಕುಗ್ಗಿದ ಮೇಲೆ ಒಂದು ಗೀರೂ ವ್ಯರ್ಥವಾಗುವಂತಿರಲಿಲ್ಲ. ಇದನ್ನು ಮೇಷ್ಟ್ರ ಮುಂದೆ ಹೇಳಿದ್ದರೆ ಖಂಡಿತ ಒಪ್ಪುತ್ತಿರಲಿಲ್ಲ. ಇನ್ನೊಂದು ಸ್ಲೈಡ್ ಹಾಕುತ್ತಿದ್ದರು.