‘ಇದು ನೀರಿನಲ್ಲಿ ತೇಲುತ್ತದೆಯೇ?’

ಸಿಲಿಂಡರ್ ತಂದ ಹುಡುಗ ಕೇಳಿದ್ದಾನೆ. ಮದುವೆಗೆ ಕರೆಯಲು ಬಂದ ಬೀಗರು ಕೇಳಿದ್ದಾರೆ. ವಿದ್ಯುತ್ ಮೀಟರ್ ನೋಡಲು ಬಂದವರು ಮೀಟರ್ ಬಿಟ್ಟು ಇದನ್ನೇ ಕೇಳಿದ್ದಾರೆ. ಬಾಗಲಕೋಟೆ ನವನಗರದ ನಮ್ಮ ಮನೆಯ ಪಡಸಾಲೆಯಲ್ಲಿ ಟಿ.ವಿ. ಇರಬೇಕಾದ ಜಾಗದಲ್ಲಿ ಮರದ ಹಡಗೊಂದು ನಿಂತಿದೆ. ಬಂದವರು ಮೊದಲು ಹಾಯಿಕಂಬದ ತುದಿಯನ್ನು ಬೆರಳಿನಿಂದ ಮುಟ್ಟುತ್ತಾರೆ (ಮುಟ್ಟಬೇಡಿ ಎಂದು ಚೀಟಿ ಅಂಟಿಸಿದ್ದೇನೆ, ಚೀಟಿಯನ್ನು ಓದಿಯೇ ಮುಟ್ಟುತ್ತಾರೆ), ಆಮೇಲೆ ಈ ಪ್ರಶ್ನೆ.

ತೇಲುತ್ತದೆ, ನೆಟ್ಟಗೆ ನಿಲ್ಲುವುದಿಲ್ಲ. ಇದೇ ನನ್ನ ಉತ್ತರ.

ಮೊದಲ ಹಡಗು ಮುಗಿದ ದಿನ ಮನೆಯವರ ಒತ್ತಾಯಕ್ಕೆ ಬಟ್ಟೆ ನೆನೆಹಾಕುವ ಟಬ್ಬಿನಲ್ಲಿ ನೀರು ತುಂಬಿ ಬಿಟ್ಟಿದ್ದೆ. ಒಂದು ಕ್ಷಣ ಬಾತುಕೋಳಿಯಂತೆ ಕುಳಿತಿತ್ತು. ಮರುಕ್ಷಣ ಪಕ್ಕಕ್ಕೆ ಮಗುಚಿ ಮೂರೂ ಕಂಬಗಳನ್ನು ನೀರಿಗೆ ಚಾಚಿ ಮಲಗಿತು. ಎತ್ತಿ ಒರೆಸಿದೆ. ಸಾಮಾನ್ಯ ಬಿಳಿ ಅಂಟು ನೀರಿಗೆ ಮೆತ್ತಗಾಗುತ್ತದೆ ಎಂಬುದು ಎರಡು ದಿನಗಳ ನಂತರ, ಹಲಗೆಗಳು ಒಂದೊಂದಾಗಿ ಬಾಯಿ ಬಿಟ್ಟಾಗ ತಿಳಿಯಿತು. ಎಂಟು ತಿಂಗಳ ಕೆಲಸ, ಅರ್ಧ ಟಬ್ ನೀರು.

ಕಾರಣ ಸರಳ. ನಾನು ಕಟ್ಟುವುದು 1:64 ಅಳತೆಯಲ್ಲಿ. ಉದ್ದ 64ನೇ ಒಂದು ಪಾಲಿಗೆ ಇಳಿದರೆ ತೂಕ ಇಳಿಯುವುದು 64ನ್ನು ಮೂರು ಸಲ ಗುಣಿಸಿದಷ್ಟು, ಅಂದರೆ 2,62,144ನೇ ಒಂದು ಪಾಲಿಗೆ. ಸಾವಿರ ಟನ್ನಿನ ಹಡಗಿನ ಮಾದರಿ ಸರಿಯಾದ ಮಟ್ಟಕ್ಕೆ ಮುಳುಗಿ ನಿಲ್ಲಬೇಕಾದರೆ ಸುಮಾರು 3.8 ಕಿಲೊ ತೂಗಬೇಕು. ನನ್ನದು ಒಂದೂವರೆ ಕಿಲೊ ದಾಟುವುದಿಲ್ಲ. ಉಳಿದದ್ದನ್ನು ತಳದಲ್ಲಿ ಸೀಸ ತುಂಬಿ ಸರಿದೂಗಿಸಿದರೂ ಗಾಳಿ ಬಿಡುವುದಿಲ್ಲ. ಹಡಗು ಚಿಕ್ಕದಾಯಿತೆಂದು ಗಾಳಿ ಚಿಕ್ಕದಾಗುವುದಿಲ್ಲವಲ್ಲ! ‘ಆಲಮಟ್ಟಿ ಹಿನ್ನೀರಿಗೆ ಒಯ್ದು ಬಿಡೋಣ, ವಿಡಿಯೊ ಮಾಡೋಣ’ ಎನ್ನುವ ಸೋದರಳಿಯನಿಗೆ ಇಷ್ಟನ್ನೆಲ್ಲ ಹೇಳಿದರೆ, ‘ಮಾಮಾ, ಹಾಗಾದರೆ ಇದು ಹಡಗೇ ಅಲ್ಲ’ ಎಂದು ತೀರ್ಪು ಕೊಟ್ಟ.

ಅವನಿಗೆ ವಾಸಾದ ಕಥೆ ಹೇಳಿದೆ. ಸ್ವೀಡನ್ನಿನ ರಾಜ 64 ತೋಪುಗಳನ್ನು ಹೇರಿ, ಮೈತುಂಬ ಕೆತ್ತನೆ ಮಾಡಿಸಿ ಕಟ್ಟಿಸಿದ ಯುದ್ಧನೌಕೆ ಅದು. ಹೊರಡುವ ಮೊದಲು ಮೂವತ್ತು ಜನರನ್ನು ಅಟ್ಟದ ಮೇಲೆ ಈ ಬದಿಯಿಂದ ಆ ಬದಿಗೆ ಓಡಿಸಿ ಪರೀಕ್ಷಿಸಿದರು. ಮೂರು ಸಲ ಓಡುವಷ್ಟರಲ್ಲಿ ಅದು ತೂಗಿದ ಪರಿಗೆ ಹೆದರಿ ಪರೀಕ್ಷೆಯನ್ನೇ ನಿಲ್ಲಿಸಿದರು, ಹಡಗನ್ನು ನಿಲ್ಲಿಸಲಿಲ್ಲ. 1628ರ ಆಗಸ್ಟ್ 10ರಂದು ಸ್ಟಾಕ್‌ಹೋಮ್ ಬಂದರಿನಲ್ಲಿ ಒಂದೂಕಾಲು ಕಿಲೊಮೀಟರಿನಷ್ಟು ಸಾಗಿ, ಗಾಳಿಗೆ ವಾಲಿ, ತೋಪಿನ ಕಿಂಡಿಗಳಿಂದ ನೀರು ನುಗ್ಗಿ ಮುಳುಗಿತು. 1961ರಲ್ಲಿ ಮೇಲೆತ್ತಿದರು. ಈಗ ಒಣನೆಲದ ಮೇಲೆ, ವಸ್ತುಸಂಗ್ರಹಾಲಯದಲ್ಲಿದೆ. ಅದನ್ನು ಹಡಗಲ್ಲ ಎಂದು ಯಾರೂ ಹೇಳುವುದಿಲ್ಲ.

ಸಮಯವೆಲ್ಲ ಹೋಗುವುದು ಹಲಗೆ ಹೊದಿಸುವುದರಲ್ಲಿ. ಐದು ಮಿಲಿಮೀಟರ್ ಅಗಲ, ಒಂದೂವರೆ ಮಿಲಿಮೀಟರ್ ದಪ್ಪದ ಪಟ್ಟಿಗಳು. ಹಡಗಿನ ಹೊಟ್ಟೆ ಅಗಲ, ಮೂತಿ ಕಿರಿದು. ಹೊಟ್ಟೆಯ ಮೇಲೆ ಹಿಡಿಸಿದ ಅಷ್ಟೂ ಪಟ್ಟಿಗಳು ಮೂತಿಯಲ್ಲಿ ಹಿಡಿಸಬೇಕಾದರೆ ಪ್ರತಿಯೊಂದನ್ನೂ ತುದಿಯತ್ತ ಸಣ್ಣ ಮಾಡುತ್ತ ಹೋಗಬೇಕು. ಕುಂಬಳಕಾಯಿಯ ಪಟ್ಟೆಗಳನ್ನು ನೋಡಿ: ನಡುವೆ ಅಗಲ, ತೊಟ್ಟಿನ ಹತ್ತಿರ ಸಣ್ಣ. ಪಟ್ಟಿಯನ್ನು ಬಿಸಿನೀರಿನಲ್ಲಿ ನೆನೆಸಿ, ಬೆಸುಗೆ ಕಡ್ಡಿಯ ಕಾವಿಗೆ ಮೆಲ್ಲಗೆ ಬಗ್ಗಿಸುತ್ತೇನೆ. ಅವಸರ ಮಾಡಿದರೆ ಚಟ್ ಎನ್ನುತ್ತದೆ. ಆ ಸದ್ದು ಅಡುಗೆಮನೆಗೂ ಕೇಳಿಸುತ್ತದೆ, ‘ಎಷ್ಟನೆಯದು?’ ಎಂದು ಅಲ್ಲಿಂದ ವಿಚಾರಣೆ ಬರುತ್ತದೆ. ಒಳ್ಳೆಯ ರಾತ್ರಿಯಾದರೆ ಎಡಕ್ಕೊಂದು ಬಲಕ್ಕೊಂದು, ಎರಡು ಪಟ್ಟಿ ಕೂರುತ್ತವೆ.

ಈಗ ಕೈಯಲ್ಲಿರುವುದು ಟ್ರಿಂಕೋಮಲಿ. ಮುಂಬೈಯಲ್ಲಿ ಪಾರ್ಸಿ ವಾಡಿಯಾ ಮನೆತನದವರು ಮಲಬಾರಿನ ಸಾಗವಾನಿಯಲ್ಲಿ ಕಟ್ಟಿ 1817ರಲ್ಲಿ ನೀರಿಗಿಳಿಸಿದ ಬ್ರಿಟಿಷ್ ಯುದ್ಧನೌಕೆ. ಇಂಗ್ಲೆಂಡಿನ ಹಾರ್ಟ್ಲ್‌ಪೂಲಿನಲ್ಲಿ ಇಂದಿಗೂ ನೀರಿನ ಮೇಲೆಯೇ ಇದೆ; ತೇಲುವುದನ್ನೇ ನೋಡಬೇಕೆನ್ನುವವರು ಅಲ್ಲಿಗೆ ಹೋಗಬಹುದು. ನನ್ನದಕ್ಕೂ ಸಾಗವಾನಿಯನ್ನೇ ಹಾಕುವ ಆಸೆ ಇತ್ತು. ಹಿನ್ನೀರಿಗೆ ಹೋದ ಹಳೆಯ ಮನೆಯ ಬಾಗಿಲ ಚೌಕಟ್ಟಿನ ತುಂಡೊಂದು ನಮ್ಮಲ್ಲಿ ಉಳಿದಿದೆ. ಆದರೆ ಸಾಗವಾನಿಯ ಎಳೆ ಒರಟು. ಈ ಅಳತೆಯಲ್ಲಿ ಹಲಗೆ ಹಲಗೆಯಂತೆ ಕಾಣದೆ ಮರದ ದಿಮ್ಮಿಯಂತೆ ಕಾಣುತ್ತದೆ. ಹಾಗಾಗಿ ಅದರಿಂದ ಹಡಗು ಕೂರುವ ಪೀಠ ಮಾಡಿದೆ. ಹಲಗೆಗೆ ನಯವಾದ ಎಳೆಯ ಬಾಸ್‌ವುಡ್ ತರಿಸಿಕೊಂಡೆ.

ಕೊನೆಗೆ ಬರುವುದು ಹಗ್ಗಗಳ ಕೆಲಸ. ನೂಲಿನ ರೋಮ ಕೂರಲೆಂದು ಜೇನುಮೇಣ ಸವರಿ, ಚಿಮಟಿಗೆಯಲ್ಲಿ ಹಿಡಿದು ನೂರಾರು ಗಂಟು. ‘ರೀ, ಇಷ್ಟು ಗಂಟು ಹಾಕುವ ಕೈ ನನ್ನ ಖಣದ ಕುಪ್ಪಸಕ್ಕೆ ಒಂದು ಗುಂಡಿ ಹಚ್ಚಲಾರದೆ?’ ಎಂದು ಮನೆಯವಳು ಕೇಳುವುದು ನ್ಯಾಯವೇ.

ತೇಲುತ್ತದೆಯೇ ಎಂದು ಕೇಳದವರು ಇದುವರೆಗೆ ಒಬ್ಬರೇ: ಗೆಳೆಯನ ತಂದೆ, ಇಳಕಲ್ಲಿನಲ್ಲಿ ಬದುಕಿನುದ್ದಕ್ಕೂ ಸೀರೆ ನೇಯ್ದವರು. ಕಳೆದ ತಿಂಗಳು ಬಂದಾಗ ಕನ್ನಡಕ ಏರಿಸಿಕೊಂಡು ಹಗ್ಗಗಳನ್ನಷ್ಟೇ ನೋಡಿದರು. ಹಡಗಿನ ಹೆಸರನ್ನೂ ಕೇಳಲಿಲ್ಲ. ‘ತಮ್ಮಾ, ಎಲ್ಲ ಹಗ್ಗದ ಹುರಿಯೂ ಒಂದೇ ಕಡೆಗೆ ಇದೆಯಲ್ಲ. ನಿಜವಾದ ಹಡಗಿನಲ್ಲೂ ಹೀಗೆಯೇ ಇರುತ್ತದೆಯೇ?’

ಇರುವುದಿಲ್ಲ. ಬಲಕ್ಕೆ ಹೊಸೆದ ಮೂರು ಹಗ್ಗಗಳನ್ನು ಸೇರಿಸಿ ಮತ್ತೆ ಎಡಕ್ಕೆ ಹೊಸೆದರೆ ಲಂಗರಿನ ದಪ್ಪ ಹಗ್ಗವಾಗುತ್ತದೆ. ನಾನು ಅದನ್ನೂ ಬಲಕ್ಕೇ ಹೊಸೆದಿದ್ದೆ. ಅವರು ಚಹಾ ಕುಡಿದು ಹೊರಟ ಮೇಲೆ ಬಿಚ್ಚಲು ಕುಳಿತವನು ಇನ್ನೂ ಬಿಚ್ಚುತ್ತಿದ್ದೇನೆ. ಗಂಟಿಗೆಲ್ಲ ಅಂಟು ಹಾಕಿಬಿಟ್ಟಿದ್ದೆ.