ಚೆನ್ನಾಗೇನೋ ಇದೆ

ಅಮೆರಿಕದ ಕಾನೂನು ಕಾಲೇಜುಗಳ ಪ್ರವೇಶ ಪರೀಕ್ಷೆ ಎಲ್‌ಸ್ಯಾಟ್‌ಗೆ ಓದಲು ಕೂತಾಗಿನಿಂದ ನನ್ನನ್ನು ಹೆಚ್ಚು ಸತಾಯಿಸಿದ್ದು ಜೋಡಿ ಗದ್ಯಭಾಗ. 2007ರ ಜೂನ್‌ನಲ್ಲಿ ಸೇರಿಸಿದ್ದು: ಒಂದೇ ವಿಷಯದ ಮೇಲೆ ಎ, ಬಿ ಎಂದು ಎರಡು ತುಣುಕು. ಜೊತೆಗೆ ಇನ್ನೂ ಮೂರು ಉದ್ದನೆಯ ಗದ್ಯ, ಎಲ್ಲಕ್ಕೂ 35 ನಿಮಿಷ.

ವಿಷಯ ಅರ್ಥವಾಗುತ್ತಿತ್ತು, ಧಾಟಿ ಸಿಗುತ್ತಿರಲಿಲ್ಲ. ಲೇಖಕನ ಧೋರಣೆ ಏನೆಂದು ಪ್ರಶ್ನೆ ಕೇಳಿದಾಗ, ಬಿ ಲೇಖಕ ಎ ವಾದವನ್ನು ಪೂರ್ತಿ ಒಪ್ಪದಿದ್ದರೆ ಸಾಕು, ‘ತಿರಸ್ಕಾರ’ಕ್ಕೆ ಗುರುತು ಹಾಕುತ್ತಿದ್ದೆ. ಸರಿಯುತ್ತರ ನೋಡಿದರೆ ಸಪ್ಪೆ: ‘ಎಚ್ಚರಿಕೆ ಬೆರೆತ ಒಪ್ಪಿಗೆ’. (ನಮ್ಮ ಮನೆಯಲ್ಲಿ ಒಪ್ಪದಿದ್ದರೆ ಕೂಗಾಡುತ್ತಾರೆ, ನನ್ನ ತಪ್ಪೇನು?)

ಆಗ ಅಮ್ಮ ನೆನಪಾದಳು. ನನ್ನ ಸಾರಿಗೆ ‘ಚೆನ್ನಾಗಿದೆ’ ಅಂದರೆ ಒಂದು, ‘ಚೆನ್ನಾಗೇನೋ ಇದೆ’ ಅಂದರೆ ಬೇರೆಯೇ. ಆ ‘ಏನೋ’ದಲ್ಲೇ ತೀರ್ಪು. ಇಂಗ್ಲಿಷಿನಲ್ಲೂ ಅಂಥ ಪುಟ್ಟ ಪದಗಳಿಗೇ ಗೆರೆ ಎಳೆಯತೊಡಗಿದೆ. ‘ಸೋ-ಕಾಲ್ಡ್’ ಅಂದರೆ ಮೂಗು ಮುರಿದಿದ್ದಾನೆ. ‘ಪರ್ಹ್ಯಾಪ್ಸ್’ ಅಂದರೆ ಅಡ್ಡಗೋಡೆ ಮೇಲೆ ದೀಪ. ಮಾತು ಯಾರದ್ದು ಎಂದೂ ನೋಡಬೇಕು. ವಿರೋಧಿಗಳ ಸಿಟ್ಟನ್ನು ಲೇಖಕನ ತಲೆಗೆ ಕಟ್ಟಿ ಎಷ್ಟೋ ಅಂಕ ಕಳೆದುಕೊಂಡಿದ್ದೇನೆ.

ಈಗ ಎ ಮುಗಿದ ತಕ್ಷಣ ಕಚ್ಚಾ ಹಾಳೆಯಲ್ಲಿ ಒಂದು ಕನ್ನಡ ಪದ ಗೀಚುತ್ತೇನೆ, ಆಮೇಲೇ ಬಿ. ನಿನ್ನೆ ಎಗೆ ಬರೆದದ್ದು ‘ಕೊಂಕು’. ಬಿಗೆ ‘ಏನೋ’.