ಹೋರ್ಮುಜ್ ನಕ್ಷೆಯ ಮೇಲೊಂದು ಅಕ್ಕಿಕಾಳು

2025ರ ಜುಲೈ ತಿಂಗಳ ಒಂದು ಶನಿವಾರ, ಸಂಜೆ ನಾಲ್ಕೂವರೆಗೆ ಮಂಗಳೂರಿನ ಕಾಲೇಜೊಂದರ ಸಭಾಂಗಣದಲ್ಲಿ ಸಾರ್ವಜನಿಕ ಉಪನ್ಯಾಸ. ವಿಷಯ: ಹೋರ್ಮುಜ್ ಜಲಸಂಧಿ ಮತ್ತು ನಮ್ಮ ಕರಾವಳಿ. ಇರಾನ್ ಮತ್ತು ಒಮಾನ್ ನಡುವಿನ ಈ ಕಿರಿದಾದ ಸಮುದ್ರದಾರಿಯಿಂದಲೇ ಗಲ್ಫಿನ ತೈಲ ಹೊರಬರುವುದು. ಮಾತನಾಡಿದವರು ಅಂತರರಾಷ್ಟ್ರೀಯ ಸಂಬಂಧಗಳನ್ನು ಪಾಠ ಮಾಡುವ ಪ್ರಾಧ್ಯಾಪಕಿ. ಮಾತು ಪೂರ್ತಿ ಕನ್ನಡದಲ್ಲಿ. ಇಸ್ರೇಲ್–ಇರಾನ್ ಯುದ್ಧದ ನಡುವೆ ಜೂನ್ 22ರಂದು ಇರಾನಿನ ಸಂಸತ್ತು ಜಲಸಂಧಿಯನ್ನು ಮುಚ್ಚುವ ಪರ ನಿಲುವು ತಳೆದಿತ್ತು. ಕಚ್ಚಾ ತೈಲ ಬ್ಯಾರೆಲಿಗೆ 80 ಡಾಲರ್ ದಾಟಿ, ಕದನವಿರಾಮದ ಸುದ್ದಿ ಬಂದ ಮೇಲೆ 70ರ ಕೆಳಗಿಳಿದಿತ್ತು. ಆದರೆ ಗಲ್ಫಿನಲ್ಲಿ ಮಕ್ಕಳಿರುವ ಮನೆಗಳಲ್ಲಿ ಅಂಜಿಕೆ ಇಳಿದಿರಲಿಲ್ಲ. ಈ ಊರಲ್ಲಿ ಅಂಥ ಮನೆಗಳಿಗೆ ಬರವಿಲ್ಲ.

ಜಾಗತಿಕ ಭದ್ರತೆಯ ಉಪನ್ಯಾಸ ಸೋಲುವುದು ವೇದಿಕೆ ಹತ್ತುವ ಮೊದಲೇ. ಪ್ರಪಂಚದ ನಕ್ಷೆಯನ್ನು ಪರದೆಗೆ ಹಾಕಿ, ಅದರ ಮೇಲೆ ಲೇಸರ್ ಚುಕ್ಕೆ ಆಡಿಸಿ "ಇಲ್ಲಿದೆ ನೋಡಿ" ಎಂದರೆ ಹಿಂದಿನ ಸಾಲಿಗೆ ಏನೂ ಕಾಣುವುದಿಲ್ಲ. ಆ ಅಳತೆಯಲ್ಲಿ ಹೋರ್ಮುಜ್ ಒಂದು ಸೂಜಿಮೊನೆ. ಅದಕ್ಕೇ ಸಂಘಟಕರಾದ ನಾವು ಎರಡು ನಕ್ಷೆ ಮಾಡಿಸಿದೆವು. ಒಂದು ಅರಬ್ಬಿ ಸಮುದ್ರದ್ದು, ಪರದೆಗೆ. ಇನ್ನೊಂದು ಬರೀ ಜಲಸಂಧಿಯದು, ಆರಡಿ ಅಗಲದ ಫ್ಲೆಕ್ಸ್, ಒಂದು ಸೆಂಟಿಮೀಟರಿಗೆ ಒಂದು ಕಿಲೋಮೀಟರ್ ಲೆಕ್ಕ. ಆರಡಿ ಎಂದರೆ 183 ಸೆಂ.ಮೀ.; ಇರಾನಿನ ಕೆಶ್ಮ್ ದ್ವೀಪದಿಂದ ಒಮಾನಿನ ಮುಸಂದಮ್ ತುದಿಯವರೆಗೆ ಆರಾಮವಾಗಿ ಹಿಡಿಯುತ್ತದೆ. ಈ ಅಳತೆಗೆ ಇನ್ನೊಂದು ಅನುಕೂಲವಿದೆ. ಸ್ಕೇಲ್ ಹಿಡಿದು ಅಳೆದರೆ ಬಂದ ಸೆಂಟಿಮೀಟರೇ ಕಿಲೋಮೀಟರ್. ಗುಣಿಸುವ ಗೋಜಿಲ್ಲ.

ಹಿಂದಿನ ದಿನ ಸಂಜೆ ಸ್ಲೈಡುಗಳನ್ನು ಕಾಲೇಜಿನ ಕಂಪ್ಯೂಟರಿನಲ್ಲಿ ತೆರೆದಾಗ ಅಕ್ಷರಗಳೆಲ್ಲ ಚಿಂದಿ. ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ್ದ ಆರು ಸ್ಲೈಡುಗಳಲ್ಲಿ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ರಾಶಿ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಹೀಗೇ ಆಗುತ್ತದೆ. ಯೂನಿಕೋಡಿಗೆ ಬದಲಾಯಿಸುವಾಗಲೂ ಒತ್ತಕ್ಷರ, ಅರ್ಕಾವತ್ತು ತಪ್ಪುತ್ತವೆ. ಒಂದೊಂದು ಸಾಲನ್ನೂ ಕಣ್ಣಲ್ಲಿ ಓದಲೇಬೇಕು. ಸರಿಪಡಿಸಿ, ಪಿಡಿಎಫ್ ಮಾಡಿ, ಎರಡು ಪೆನ್‌ಡ್ರೈವಿಗೆ ಹಾಕಿದ್ದಾಯಿತು. ಈ ಕೆಲಸವನ್ನು ಉಪನ್ಯಾಸದ ದಿನ ನಾಲ್ಕು ಗಂಟೆಗೆ ಹಚ್ಚಿಕೊಂಡರೆ ಮುಗಿಯುವುದಿಲ್ಲ.

ಮಳೆಗಾಲದ ಮಂಗಳೂರಿನಲ್ಲಿ ಧ್ವನಿಯದ್ದೇ ದೊಡ್ಡ ತಲೆನೋವು. ಸಭಾಂಗಣಕ್ಕೆ ಶೀಟಿನ ಮಾಡು. ಜೋರು ಮಳೆ ಬಂದರೆ ಕಾಲರ್ ಮೈಕು ಮಳೆಯ ಸದ್ದು, ಫ್ಯಾನಿನ ಸದ್ದು ಎಲ್ಲವನ್ನೂ ಎಳೆದುಕೊಳ್ಳುತ್ತದೆ. ಕೈಯಲ್ಲಿ ಹಿಡಿಯುವ ಮೈಕೇ ಮೇಲು, ಬಾಯಿಂದ ನಾಲ್ಕು ಬೆರಳು ದೂರದಲ್ಲಿ. ಮುಂದಿನ ಸ್ಪೀಕರುಗಳ ವಾಲ್ಯೂಮ್ ಏರಿಸುತ್ತ ಹೋದರೆ ಮೈಕು ಕೂಗಲು ಶುರುವಾಗುತ್ತದೆ. ಅದರ ಬದಲು ಹಾಲಿನ ನಡುವೆ, ಎರಡೂ ಬದಿಯ ಗೋಡೆಗೆ ಒಂದೊಂದು ಸ್ಪೀಕರ್ ಇಟ್ಟು ಎಲ್ಲವನ್ನೂ ಸಣ್ಣ ದನಿಯಲ್ಲಿ ಓಡಿಸಿದರೆ ಕೊನೆಯ ಸಾಲಿಗೂ ಕೇಳಿಸುತ್ತದೆ.

ಸ್ವಾಗತ ಮತ್ತು ಪರಿಚಯ ಸೇರಿ ಐದು ನಿಮಿಷ, ಮಾತು ನಲವತ್ತೈದು, ಪ್ರಶ್ನೋತ್ತರ ನಲವತ್ತು. ಪ್ರಾಸ್ತಾವಿಕ, ಅತಿಥಿಗಳ ಹಿತನುಡಿ, ಅಧ್ಯಕ್ಷರ ಭಾಷಣ ಬೇಡ ಎಂದು ಮೊದಲೇ ತೀರ್ಮಾನವಾಗಿತ್ತು. ಇವೆಲ್ಲ ಸೇರಿದರೆ ಮುಕ್ಕಾಲು ಗಂಟೆ ಹೋಗುತ್ತದೆ, ಮತ್ತು ಹೋಗುವುದು ಪ್ರಶ್ನೋತ್ತರದ ಹೊತ್ತಿನಿಂದಲೇ. ಆರೂವರೆಯ ಬಸ್ಸು ಹಿಡಿಯುವವರು ಎದ್ದು ಹೋದ ಮೇಲೆ ಉಳಿಯುವುದು ಸಂಘಟಕರು ಮಾತ್ರ.

ಪ್ರಾಧ್ಯಾಪಕಿ ಯುದ್ಧದಿಂದ ಶುರುಮಾಡಲಿಲ್ಲ. ಸಮರ್ಕಂದದ ಅಬ್ದುರ್ ರಜಾಕ್‌ನಿಂದ ಶುರುಮಾಡಿದರು. ಪರ್ಷಿಯಾ ಆಳುತ್ತಿದ್ದ ಶಾರುಖ್ ದೊರೆಯ ರಾಯಭಾರಿಯಾಗಿದ್ದ ಆತ ಹೋರ್ಮುಜ್‌ನಿಂದ ಹೊರಟು ಕಲ್ಲಿಕೋಟೆಗೆ ಬಂದು, ಅಲ್ಲಿಂದ ಸಮುದ್ರಮಾರ್ಗವಾಗಿ ಮಂಗಳೂರಿಗೆ ಬಂದಿಳಿದು, 1443ರಲ್ಲಿ ಘಟ್ಟ ಹತ್ತಿ ವಿಜಯನಗರ ಸೇರಿದ. ವಿಜಯನಗರದ ಸೇನೆಗೆ ಕುದುರೆಗಳು ಬರುತ್ತಿದ್ದ ದಾರಿಯೂ ಇದೇ. ಆಗ ಕುದುರೆ, ಈಗ ತೈಲ. ಇಷ್ಟು ಹೇಳಿ ಅವರು ನೇರ ಅಳತೆಗೆ ಬಂದರು.

ಅಳತೆಯಲ್ಲೇ ಮೊದಲ ಎಡವಟ್ಟು. ಜಲಸಂಧಿಯ ಅತಿ ಕಿರಿದಾದ ಅಗಲ ನಮ್ಮ ಕರಪತ್ರದಲ್ಲಿ 33 ಕಿಲೋಮೀಟರ್, ಸ್ಲೈಡಿನಲ್ಲಿ 39. ಮೂರನೇ ಸಾಲಿನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು ಯಾವುದು ಸರಿ ಎಂದು ಕೇಳಿಯೇಬಿಟ್ಟಳು. ಎರಡೂ ಬಂದಿರುವುದು ಒಂದೇ ಅಂಕಿಯಿಂದ: 21 ಮೈಲು. ನೆಲದ ಮೈಲಿಗೆ 1.609 ಕಿ.ಮೀ., ನಾಟಿಕಲ್ ಮೈಲಿಗೆ 1.852 ಕಿ.ಮೀ. ಯಾವ ಮೈಲು ಎಂದು ಬರೆಯದೆ ಒಬ್ಬರಿಂದ ಒಬ್ಬರು ನಕಲು ಮಾಡಿಕೊಂಡು ಬಂದಾಗ ಐದಾರು ಕಿಲೋಮೀಟರಿನ ಅಂತರ ಹುಟ್ಟುತ್ತದೆ. ಪತ್ರಿಕೆಗಳಲ್ಲೂ ಎರಡೂ ಕಾಣುತ್ತವೆ. ಜಲಸಂಧಿಯ ಅಗಲ ಹೆಚ್ಚುಕಡಿಮೆ ಮಂಗಳೂರಿನಿಂದ ಪಡುಬಿದ್ರಿಗೆ ಇರುವಷ್ಟು ದೂರ ಎಂದಾಗ ಸಭೆಗೆ ಅಂದಾಜು ಸಿಕ್ಕಿತು. ಪ್ರಾಧ್ಯಾಪಕಿ ಹುಡುಗಿಗೆ "ಒಳ್ಳೇದಾಯ್ತಮ್ಮ, ಇದನ್ನು ಎಲ್ಲರೂ ಬರ್ಕೊಳ್ಳಿ" ಎಂದರು. ಸಭೆಯ ಮುಜುಗರ ಅಲ್ಲಿಗೇ ಕರಗಿತು.

ಯಾವ ಮೈಲು ಹಿಡಿದರೂ ಕಾನೂನಿನ ಮಾತು ಬದಲಾಗುವುದಿಲ್ಲ. 1982ರ ಸಮುದ್ರ ಕಾನೂನು ಒಪ್ಪಂದದ ಪ್ರಕಾರ ಕರಾವಳಿ ದೇಶದ ಒಡೆತನ 12 ನಾಟಿಕಲ್ ಮೈಲಿವರೆಗೆ. ಇರಾನಿನ ಕಡೆಯಿಂದ 12, ಒಮಾನಿನ ಕಡೆಯಿಂದ 12, ಕೂಡಿದರೆ 24. ಜಲಸಂಧಿ ಅದಕ್ಕಿಂತ ಕಿರಿದು. ಹಾಗಾಗಿ ಆ ಕಿರಿದಾದ ಜಾಗದಲ್ಲಿ ಯಾರದೂ ಅಲ್ಲದ ನೀರೇ ಇಲ್ಲ. ಆದರೂ ಅಂತರರಾಷ್ಟ್ರೀಯ ಜಲಸಂಧಿಯಲ್ಲಿ ಹಡಗುಗಳಿಗೆ ಹಾದುಹೋಗುವ ಹಕ್ಕಿದೆ, ಕರಾವಳಿ ದೇಶ ಅದನ್ನು ತಡೆಹಿಡಿಯುವಂತಿಲ್ಲ ಎನ್ನುತ್ತದೆ ಅದೇ ಒಪ್ಪಂದ. ತೊಡಕಿರುವುದು ಇಲ್ಲಿ: ಇರಾನ್ ಸಹಿ ಹಾಕಿದೆ, ಅನುಮೋದಿಸಿಲ್ಲ. ಅಮೆರಿಕ ಒಪ್ಪಂದಕ್ಕೆ ಸೇರಿಯೇ ಇಲ್ಲ. ಭಾರತ 1995ರಲ್ಲಿ ಅನುಮೋದಿಸಿದೆ. "ಕಾನೂನು ಹೀಗೆ ಹೇಳುತ್ತದೆ" ಎಂದು ನಿಲ್ಲಿಸುವ ಭಾಷಣಕಾರರು ಯಾರು ಆ ಕಾನೂನಿಗೆ ಕೈಜೋಡಿಸಿದ್ದಾರೆ ಎಂಬುದನ್ನು ಬಿಟ್ಟುಬಿಡುತ್ತಾರೆ. ಈ ಉಪನ್ಯಾಸದಲ್ಲಿ ಅದು ಬಿಟ್ಟುಹೋಗಲಿಲ್ಲ.

ಆಮೇಲೆ ಫ್ಲೆಕ್ಸಿನ ಸರದಿ. ದೊಡ್ಡ ಹಡಗುಗಳು ಇಡೀ ಅಗಲದಲ್ಲಿ ಎಲ್ಲಿ ಬೇಕಾದರೂ ಓಡಾಡುವುದಿಲ್ಲ. ಒಳಹೋಗಲು ಎರಡು ನಾಟಿಕಲ್ ಮೈಲಿನ ಒಂದು ಓಣಿ, ಹೊರಬರಲು ಅಷ್ಟೇ ಅಗಲದ ಇನ್ನೊಂದು, ನಡುವೆ ಎರಡು ಮೈಲು ಖಾಲಿ. ಒಟ್ಟು ಸುಮಾರು 11 ಕಿ.ಮೀ., ಹಂಪನಕಟ್ಟೆಯಿಂದ ಪಣಂಬೂರಿಗೆ ಹೋದಷ್ಟು. ನಕ್ಷೆಯ ಮೇಲೆ 3.7 ಸೆಂಟಿಮೀಟರ್ ಅಗಲದ ಕೆಂಪು ಟೇಪಿನ ಎರಡು ಪಟ್ಟಿ ಅಂಟಿಸಿದ್ದಾಯಿತು. ಇಪ್ಪತ್ತು ಲಕ್ಷ ಬ್ಯಾರೆಲ್ ಹೊರುವ ದೈತ್ಯ ಟ್ಯಾಂಕರ್ 330 ಮೀಟರ್ ಉದ್ದ. ಈ ನಕ್ಷೆಯಲ್ಲಿ 3.3 ಮಿಲಿಮೀಟರ್. ಒಂದು ಕುಚ್ಚಲಕ್ಕಿಯನ್ನು ಅರ್ಧಕ್ಕೆ ಮುರಿದು ಟೇಪಿನ ಮೇಲೆ ಇಟ್ಟರು. ಮುಂದಿನ ಸಾಲಿನವರು ಎದ್ದು ಬಂದು ಬಗ್ಗಿ ನೋಡಿದರು. ಆ ಅರ್ಧ ಕಾಳಿನಲ್ಲಿ ಇಪ್ಪತ್ತು ಲಕ್ಷ ಬ್ಯಾರೆಲ್, ಬ್ಯಾರೆಲಿಗೆ 159 ಲೀಟರ್. 2024ರಲ್ಲಿ ದಿನಕ್ಕೆ ಸುಮಾರು ಎರಡು ಕೋಟಿ ಬ್ಯಾರೆಲ್, ಎಂದರೆ ಅಂಥ ಹತ್ತು ಕಾಳಿನಷ್ಟು ತೈಲ, ಈ ಓಣಿಯಲ್ಲಿ ಹೊರಬಂತು. ಜಗತ್ತು ಬಳಸುವುದರ ಐದರಲ್ಲೊಂದು ಪಾಲು.

ಅಷ್ಟರಲ್ಲಿ ಕರೆಂಟು ಹೋಯಿತು. ಜನರೇಟರ್ ಎತ್ತಿಕೊಂಡಿತು, ಆದರೆ ಪ್ರೊಜೆಕ್ಟರಿನ ದೀಪ ತಣ್ಣಗಾಗದೆ ಮತ್ತೆ ಹತ್ತುವುದಿಲ್ಲ. ಫ್ಲೆಕ್ಸ್ ಇದ್ದುದರಿಂದ ಮಾತು ನಿಲ್ಲಲಿಲ್ಲ. ಪರದೆಯೊಂದನ್ನೇ ನಂಬಿದ್ದರೆ ಹತ್ತು ನಿಮಿಷ ಕೈತಪ್ಪುತ್ತಿತ್ತು.

"ಮುಚ್ಚುವುದು" ಎಂಬ ಪದವನ್ನು ಪ್ರಾಧ್ಯಾಪಕಿ ಬಿಡಿಸಿದ ಬಗೆ ಆ ದಿನದ ತಿರುಳು. ಜಲಸಂಧಿಗೆ ಬಾಗಿಲಿಲ್ಲ. 1984ರಿಂದ 1988ರವರೆಗೆ ಇರಾನ್–ಇರಾಕ್ ಯುದ್ಧದಲ್ಲಿ ಟ್ಯಾಂಕರುಗಳ ಮೇಲೆ ದಾಳಿ ನಡೆಯುತ್ತಲೇ ಇದ್ದರೂ ಸಾಗಣೆ ಪೂರ್ತಿ ನಿಲ್ಲಲಿಲ್ಲ. ಹಡಗನ್ನು ಮೊದಲು ತಡೆಯುವುದು ವಿಮೆ. ಯುದ್ಧದ ಅಪಾಯವಿರುವ ನೀರಿಗೆ ಇಳಿಯುವ ಹಡಗು ಪ್ರತ್ಯೇಕ ವಿಮೆ ಕಟ್ಟಬೇಕು, ಹಡಗಿನ ಬೆಲೆಯ ಇಷ್ಟು ಶೇಕಡ ಎಂದು, ಸಾಮಾನ್ಯವಾಗಿ ಏಳು ದಿನಕ್ಕೆ. ಬೋರ್ಡಿನ ಮೇಲೆ ಒಂದು ಲೆಕ್ಕ ಹಾಕಿದರು. ಹಡಗಿನ ಬೆಲೆ ಹತ್ತು ಕೋಟಿ ಡಾಲರ್ ಎಂದಿಟ್ಟುಕೊಳ್ಳಿ. ದರ ಶೇ 0.2 ಇದ್ದರೆ ಎರಡು ಲಕ್ಷ ಡಾಲರ್, ಶೇ 0.5ಕ್ಕೆ ಏರಿದರೆ ಐದು ಲಕ್ಷ. ಇಪ್ಪತ್ತು ಲಕ್ಷ ಬ್ಯಾರೆಲಿಗೆ ಹಂಚಿದರೆ ಬ್ಯಾರೆಲಿಗೆ 10 ಸೆಂಟಿನಿಂದ 25 ಸೆಂಟಿಗೆ. ಪೆಟ್ರೋಲ್ ಬಂಕಿನಲ್ಲಿ ಅದು ಗೊತ್ತೂ ಆಗುವುದಿಲ್ಲ. ಗೊತ್ತಾಗುವುದು ವಿಮಾ ಕಂಪನಿ "ಆಗುವುದಿಲ್ಲ" ಎಂದ ದಿನ, ಅಥವಾ ಸಿಬ್ಬಂದಿ ಹೋಗುವುದಿಲ್ಲ ಎಂದ ದಿನ. ಆಗ ಗುಂಡು ಹಾರಿಸದೆಯೇ ಓಣಿ ಖಾಲಿಯಾಗುತ್ತದೆ. ಸುತ್ತುದಾರಿಯಾಗಿ ಪೈಪುಗಳಿವೆ: ಸೌದಿಯದು ಕೆಂಪು ಸಮುದ್ರದ ಯಾನ್ಬುವಿಗೆ, ಯುಎಇಯದು ಜಲಸಂಧಿಯ ಹೊರಗಿನ ಫುಜೈರಾಕ್ಕೆ. ಎರಡೂ ಸೇರಿದರೂ ಎರಡು ಕೋಟಿಗೆ ಎಟಕುವುದಿಲ್ಲ. ಕುವೈತಿಗೆ, ಕತಾರಿಗೆ ಅಂಥ ದಾರಿಯೇ ಇಲ್ಲ.

ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆಸಿಕೊಂಡೆವು. ಮೈಕನ್ನು ಸಭೆಗೆ ಕೊಟ್ಟರೆ ಮೊದಲ ಮೂವರು ಭಾಷಣ ಮಾಡುತ್ತಾರೆ, ನಾಲ್ಕನೆಯವರು ಅವರಿಗೆ ಉತ್ತರ ಕೊಡಲು ನಿಲ್ಲುತ್ತಾರೆ. ಮಾತು ಅರ್ಧಕ್ಕೆ ಬಂದಾಗಲೇ ಪೋಸ್ಟ್‌ಕಾರ್ಡಿನ ಅರ್ಧದಷ್ಟು ಚೀಟಿ ಮತ್ತು ಗಿಡ್ಡ ಪೆನ್ಸಿಲ್ ಹಂಚಬೇಕು. ಕೊನೆಗೆ ಹಂಚಿದರೆ ಬರೆಯಲು ಹೊತ್ತಿರುವುದಿಲ್ಲ. ನಲವತ್ತಕ್ಕೂ ಹೆಚ್ಚು ಬಂದವು. ಇಬ್ಬರು ಪಕ್ಕದ ಮೇಜಿನಲ್ಲಿ ಕೂತು ಮೂರು ಕಟ್ಟು ಮಾಡಿದರು: ಅಳೆದು ಹೇಳಬಹುದಾದವು, ಅಭಿಪ್ರಾಯ ಕೇಳುವವು, ಒಂದೇ ಪ್ರಶ್ನೆಯ ಬೇರೆ ಬೇರೆ ರೂಪಗಳು. ಮೂರನೆಯ ಕಟ್ಟು ದಪ್ಪಗಿದ್ದರೆ ಊರಿನ ಚಿಂತೆ ಎಲ್ಲಿದೆ ಎಂದು ಗೊತ್ತಾಗುತ್ತದೆ. ಅಂದು ಅದರಲ್ಲಿದ್ದುದು ಎರಡು ವಿಷಯ. ಪಾದೂರು, ಪೆರ್ಮುದೆಯ ನೆಲದಡಿಯ ತೈಲ ನಮಗೆ ಎಷ್ಟು ದಿನಕ್ಕೆ ಬರುತ್ತದೆ? ಮಕ್ಕಳನ್ನು ವಾಪಸು ಕರೆಸಬೇಕೇ?

ಮೊದಲನೆಯದಕ್ಕೆ ಉತ್ತರ ಅಂಕಿಗಳಲ್ಲೇ ಬಂತು. ದೇಶದ ತುರ್ತು ಸಂಗ್ರಹದ ಸಾಮರ್ಥ್ಯ 53.3 ಲಕ್ಷ ಟನ್: ವಿಶಾಖಪಟ್ಟಣದಲ್ಲಿ 13.3, ಮಂಗಳೂರಿನ ಪೆರ್ಮುದೆಯಲ್ಲಿ 15, ಪಾದೂರಿನಲ್ಲಿ 25 ಲಕ್ಷ. ನಾಲ್ಕರಲ್ಲಿ ಮೂರು ಪಾಲು ನಮ್ಮ ಕರಾವಳಿಯಲ್ಲೇ. ಬಂಡೆ ಕೊರೆದು ಮಾಡಿದ ಈ ಗುಹೆಗಳಿಗೆ ಒಳಗೆ ಉಕ್ಕಿನ ತೊಟ್ಟಿಯಿಲ್ಲ. ಸುತ್ತಲಿನ ಅಂತರ್ಜಲದ ಒತ್ತಡವೇ ತೈಲ ಹೊರಗೆ ಸೋರದಂತೆ ತಡೆಯುತ್ತದೆ. ಮೂರೂ ಕಡೆ ತುಂಬಿದ್ದರೆ 2019–20ರ ಬಳಕೆಯ ಲೆಕ್ಕದಲ್ಲಿ ಒಂಬತ್ತೂವರೆ ದಿನ ಎಂದು ಸರ್ಕಾರ ಹೇಳಿದೆ. ಒತ್ತು ಬೀಳಬೇಕಾದ್ದು "ತುಂಬಿದ್ದರೆ" ಎಂಬಲ್ಲಿ. ಸಾಮರ್ಥ್ಯ ಬೇರೆ, ಇವತ್ತಿನ ಸಂಗ್ರಹ ಬೇರೆ. ತೈಲ ಕಂಪನಿಗಳ ತೊಟ್ಟಿಗಳಲ್ಲಿರುವುದು ಇದಕ್ಕಿಂತ ಎಷ್ಟೋ ಹೆಚ್ಚು. ಜೊತೆಗೆ ಹೋರ್ಮುಜ್‌ನಿಂದ ಮಂಗಳೂರಿಗೆ ಸುಮಾರು 1,300 ನಾಟಿಕಲ್ ಮೈಲು, ಗಂಟೆಗೆ 13 ಮೈಲಿನ ಲೆಕ್ಕದಲ್ಲಿ ನಾಲ್ಕು ದಿನಕ್ಕಿಂತ ತುಸು ಹೆಚ್ಚು. ಅಲ್ಲಿ ಓಣಿ ನಿಂತರೂ ಆಗಲೇ ಹೊರಬಿದ್ದ ಹಡಗುಗಳು ಆ ನಾಲ್ಕು ದಿನ ಇಲ್ಲಿಗೆ ಬರುತ್ತಲೇ ಇರುತ್ತವೆ.

ಪೆಟ್ರೋಲಿನ ಬಗ್ಗೆ ಇಷ್ಟು ಚೀಟಿ ಬಂದರೂ ಅಡುಗೆ ಅನಿಲದ ಬಗ್ಗೆ ಬಂದದ್ದು ಒಂದೇ. ಅದನ್ನು ಬರೆದವರು ಹೋಟೆಲ್ ನಡೆಸುವವರು. ಉಪನ್ಯಾಸಕ್ಕೆ ಬರುವ ಎಲ್ಲರೂ ತಲೆಗೆ ಹಾಕಿಕೊಳ್ಳಬೇಕಾದ ಪ್ರಶ್ನೆ ಅದು ಎಂದು ನಮಗನಿಸುತ್ತದೆ. ದೇಶ ಬಳಸುವ ಎಲ್‌ಪಿಜಿಯಲ್ಲಿ ಶೇ 60ರಷ್ಟು ಆಮದು, ಅದರಲ್ಲಿ ಬಹುಪಾಲು ಬರುವುದು ಕೊಲ್ಲಿಯಿಂದಲೇ. ಕಚ್ಚಾ ತೈಲವನ್ನು ರಷ್ಯಾದಿಂದಲೋ ಆಫ್ರಿಕದಿಂದಲೋ ತರಿಸಬಹುದು. ಅನಿಲಕ್ಕೆ ಅಷ್ಟು ಬೇಗ ಬೇರೆ ದಾರಿ ಸಿಗುವುದಿಲ್ಲ. ಅದಕ್ಕೆ ಒತ್ತಡದಲ್ಲಿಟ್ಟ ಅಥವಾ ತಣ್ಣಗಿಟ್ಟ ತೊಟ್ಟಿಯ ಹಡಗೇ ಬೇಕು, ಇಳಿಸಲು ಅಂಥದೇ ತಾಣ ಬೇಕು.

ಎರಡನೆಯ ಪ್ರಶ್ನೆಗೆ ಪ್ರಾಧ್ಯಾಪಕಿ ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಚೀಟಿ ಬರೆದ ತಾಯಿ ನಾಲ್ಕನೇ ಸಾಲಿನಲ್ಲಿದ್ದರು. ಮಗ ಕತಾರಿನಲ್ಲಿ. "ನಾನು ಹೇಳಿದರೆ ನೀವು ಇವತ್ತೇ ಫೋನ್ ಮಾಡ್ತೀರಿ ಅಮ್ಮ. ಅದು ನಾನು ಹೇಳುವ ಮಾತಲ್ಲ" ಎಂದರು. ಆದರೆ ಮಾಡಬೇಕಾದ ನಾಲ್ಕು ಕೆಲಸ ಹೇಳಿದರು: ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ಸಹಾಯವಾಣಿ ಸಂಖ್ಯೆಯನ್ನು ಮನೆಯಲ್ಲಿ ಬರೆದಿಡುವುದು, ಪಾಸ್‌ಪೋರ್ಟ್ ಮತ್ತು ವೀಸಾದ ಪ್ರತಿ ಇಲ್ಲೊಂದು ಇರಿಸಿಕೊಳ್ಳುವುದು, ಪಾಸ್‌ಪೋರ್ಟ್ ಮಾಲೀಕರ ಕೈಯಲ್ಲಿದೆಯೇ ಮಗನ ಕೈಯಲ್ಲಿದೆಯೇ ಎಂದು ಕೇಳುವುದು, ವಾಟ್ಸಾಪಿನಲ್ಲಿ ಬರುವ ವಿಡಿಯೊ ನೋಡಿ ತೀರ್ಮಾನ ಮಾಡದೆ ರಾಯಭಾರ ಕಚೇರಿಯ ಪ್ರಕಟಣೆಗೆ ಕಾಯುವುದು. ಆ ತಾಯಿ ನಾಲ್ಕನ್ನೂ ಬರೆದುಕೊಂಡರು.

ವಂದನಾರ್ಪಣೆ ಎರಡು ನಿಮಿಷಕ್ಕೆ ಮುಗಿಯಿತು. ಮಳೆ ಬಿಟ್ಟಿರಲಿಲ್ಲ, ಹಾಗಾಗಿ ಜನ ನಕ್ಷೆಯ ಸುತ್ತ ನಿಂತರು. ಟ್ಯಾಂಕರಿನಲ್ಲಿ ಕೆಲಸ ಮಾಡಿ ನಿವೃತ್ತರಾದ ನಾವಿಕರೊಬ್ಬರು ಮುಸಂದಮ್ ತುದಿಯಲ್ಲಿ ಬೆರಳಿಟ್ಟರು. ನಮ್ಮ ಕೆಂಪು ಟೇಪು ಅಲ್ಲಿ ನೇರ ಹೋಗಿತ್ತು. "ಇಲ್ಲಿ ಹೀಗೆ ಬರುವುದಿಲ್ಲ ಮಾರಾಯ್ರೆ, ತಿರುವು ಉಂಟು. ಇಷ್ಟು ದೊಡ್ಡ ಹಡಗು ನಿಲ್ಲಬೇಕಾದರೆ ಕಿಲೋಮೀಟರುಗಟ್ಟಲೆ ಬೇಕು, ತಿರುಗಿಸುವುದನ್ನು ಮೊದಲೇ ಶುರುಮಾಡಬೇಕು." ಜೂನ್ 17ರಂದು ಯುಎಇ ಕರಾವಳಿಯಾಚೆ ಎರಡು ಟ್ಯಾಂಕರುಗಳು ಡಿಕ್ಕಿ ಹೊಡೆದ ಮಾತು ಬಂತು, ಆ ದಿನಗಳಲ್ಲಿ ಅಲ್ಲಿ ಜಿಪಿಎಸ್ ಸಂಕೇತಗಳು ಕೆಡುತ್ತಿದ್ದವು. ಆಗೇನು ಮಾಡುವುದು ಎಂದು ಅದೇ ವಿದ್ಯಾರ್ಥಿನಿ ಕೇಳಿದಳು. ರೇಡಾರ್ ನೋಡುವುದು, ಗುಡ್ಡದ ತುದಿಯೊಂದನ್ನು ಗುರುತು ಹಿಡಿದು ದಿಕ್ಕು ತೆಗೆಯುವುದು, ಇನ್ನೊಂದು ತುದಿಯಿಂದ ಮತ್ತೊಂದು ಗೆರೆ, ಎರಡೂ ಕೂಡುವಲ್ಲಿ ನೀವು, ಎಂದು ಆಕೆಯ ಪೆನ್ಸಿಲನ್ನೇ ತೆಗೆದುಕೊಂಡು ಫ್ಲೆಕ್ಸಿನ ಮೇಲೆ ಗೆರೆ ಎಳೆದು ತೋರಿಸಿದರು. ಎಳೆದ ಗೆರೆ ಮಾಸಲು. ಯಾರೋ ಮಾರ್ಕರ್ ತಂದುಕೊಟ್ಟರು. ಟೇಪಿನ ಒಂದು ತುದಿ ಕಿತ್ತು, ತಿರುವಿಗೆ ಸರಿಯಾಗಿ ಬಾಗಿಸಿ ಮತ್ತೆ ಅಂಟಿಸಿದ್ದಾಯಿತು.